ಎಡಸೊಂಟದ ಚುಕ್ಕೆ

ಸಂಜೆ 7.15. ಇಂದು ಆಸ್ಪತ್ರೆಯ ನಮ್ಮ ಸ್ಕ್ಯಾನ್ ವಿಭಾಗದಲ್ಲಿ ಒಂಬತ್ತು ಜನರ ಮೂಳೆ ಸ್ಕ್ಯಾನ್ ಆಗಿದೆ. ನಾನು ಅಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್. ವಯಸ್ಸು 44, ವಿಧವೆ, ವಾಸ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸ್, ಮನೆ ಸಂಖ್ಯೆ 6. ಇಂದು ಸ್ಕ್ಯಾನಿಗೆ ಬಂದಿದ್ದು ಈಗ ಕಾಣೆಯಾಗಿರುವ ಟೈಲರಮ್ಮನವರ (61 ವರ್ಷ) ವಿಷಯವಾಗಿ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದು ಏನೆಂದರೆ:

ಸ್ಕ್ಯಾನಿಗೆ ಮೊದಲು ರೋಗಿಯ ರಕ್ತನಾಳಕ್ಕೆ ವಿಕಿರಣ ಸೂಸುವ ಔಷಧಿ ಚುಚ್ಚುತ್ತೇವೆ. ಕಾಯಿಲೆ ಇರುವ ಮೂಳೆಯಲ್ಲಿ ಅದು ಹೆಚ್ಚು ಸೇರಿ, ಚಿತ್ರದಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. 11.20ಕ್ಕೆ ಬೇರೊಬ್ಬ ರೋಗಿಗೆ ಚುಚ್ಚುವಾಗ ಒಂದು ಹನಿ ನನ್ನ ಕೋಟಿನ ಬಲತೋಳಿಗೆ ಸಿಡಿದಿರಬೇಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರತಿ ಸೂಜಿಯ ನಂತರ ಕೈ, ತೋಳುಗಳನ್ನು ವಿಕಿರಣ ಅಳೆಯುವ ಮೀಟರಿಗೆ ಹಿಡಿಯಬೇಕೆಂಬ ನಿಯಮವಿದೆ. ನಾನು ಹಿಡಿಯಲಿಲ್ಲ.

11.30ಕ್ಕೆ ಟೈಲರಮ್ಮನವರ ಸೊಂಟ ಬಳಸಿ ಹಿಡಿದು ಮಂಚ ಹತ್ತಿಸಿದೆ. ನನ್ನ ಅಳತೆ ತಗೋತಿದ್ದೀಯೇನೇ ಹುಡುಗಿ, ಅದು ನನ್ನ ಕೆಲಸ ಕಣೇ ಎಂದು ನಕ್ಕರು. ಎರಡು ವರ್ಷದ ಹಿಂದೆ ಸ್ತನದ ಆಪರೇಷನ್ ಆಗಿದ್ದ ಅವರಿಗೆ ಇದು ವರ್ಷದ ತಪಾಸಣೆ.

ಚಿತ್ರದಲ್ಲಿ ಎಡಸೊಂಟದ ಮೇಲೆ ಚುಕ್ಕೆ ಬಂತು. ಮೂರು ವರ್ಷದ ಹಿಂದೆ ನನ್ನ ಯಜಮಾನರ ಚಿತ್ರದಲ್ಲೂ ಅದೇ ಜಾಗದಲ್ಲಿತ್ತು. ನಾನು ಪರದೆಯಿಂದ ಮುಖ ತಿರುಗಿಸಿಕೊಂಡೆ. 12.10ಕ್ಕೆ ಡಾಕ್ಟರು, ಬಟ್ಟೆಗೆ ಔಷಧಿ ತಾಗಿದ್ರೂ ಹೀಗೇ ಕಾಣುತ್ತೆ, ಬಟ್ಟೆ ಬದಲಿಸಿ ಇನ್ನೊಮ್ಮೆ ನೋಡಿದ್ರಾ ಎಂದು ಕೇಳಿದರು. ನೋಡಿದೆ ಸರ್ ಎಂದೆ. ನೋಡಿರಲಿಲ್ಲ.

ಕಾಯಿಲೆ ಮೂಳೆಗೂ ಬಂದ ಹಾಗಿದೆ ಎಂದು ಡಾಕ್ಟರು ಟೈಲರಮ್ಮನವರಿಗೆ ಹೇಳಿದರು. ಅವರು ಹೊರಗೆ ಬಂದು, ಅಳತೆ ತಪ್ಪಿರಬಹುದಲ್ವೇನೇ ಎಂದು ನನ್ನನ್ನು ಕೇಳಿದರು. ಯಂತ್ರ ಸುಳ್ಳು ಹೇಳಲ್ಲಮ್ಮಾ ಎಂದೆ. 12.25ಕ್ಕೆ ಹೊರಟರು. ಸದಾ ಕುತ್ತಿಗೆಯಲ್ಲಿರುವ ಅಳತೆ ಟೇಪು ಕುರ್ಚಿಯ ಮೇಲೆಯೇ ಇತ್ತು.

5.00ಕ್ಕೆ ಮನೆಗೆ ಹೊರಡುವಾಗ ಬಾಗಿಲ ಬಳಿಯ ಮೀಟರಿಗೆ ತೋಳು ಹಿಡಿದೆ. ಕೂಗಿತು. ಕೋಟು ಬಿಚ್ಚಿ ಹಿಡಿದೆ. ಕೋಟಿನ ತೋಳೊಂದೇ ಕೂಗಿತು. ಅದು ಯಾರ ಸೊಂಟ ಬಳಸಿತ್ತೆಂದು ಆಗ ಹೊಳೆಯಿತು. ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. 5.10ರಿಂದ ಹದಿನಾಲ್ಕು ಸಲ ಟೈಲರಮ್ಮನವರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. 5.40ಕ್ಕೆ ಅವರ ಮಗಳು ತಾಯಿಯನ್ನು ಹುಡುಕಿಕೊಂಡು ಆಸ್ಪತ್ರೆಗೆ ಬಂದಳು. ಮಧ್ಯಾಹ್ನ 1.05ಕ್ಕೆ ತಾಯಿ ಅವಳಿಗೆ ಫೋನ್ ಮಾಡಿ, ಗಿರಾಕಿಗಳ ಬಟ್ಟೆ ಎಲ್ಲಾ ವಾಪಸ್ ಕೊಟ್ಬಿಡು, ಹೊಲೀದೆ ಇರೋದನ್ನೂ ಎಂದಿದ್ದರಂತೆ.

ಅವರು ಸ್ಕ್ಯಾನಿನ ವೇಳೆ ತೊಟ್ಟಿದ್ದ ತಿಳಿ ನೀಲಿ ಬಟ್ಟೆಯಲ್ಲೇ ಹೊರಟಿದ್ದಾರೆ. ಸಿಕ್ಕ ತಕ್ಷಣ, ಬೇರೇನನ್ನೂ ಕೇಳುವ ಮೊದಲೇ, ಆ ಚುಕ್ಕೆ ಮೂಳೆಯದಲ್ಲ, ಬಟ್ಟೆಯದಿರಬಹುದು ಎಂದು ಅವರಿಗೆ ಹೇಳಬೇಕು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಠಾಣೆಯಲ್ಲಿ ಇಂದಿನ ದಿನಾಂಕ ಹಾಕಿ ಸಹಿ ಮಾಡಿದ್ದೇನೆ.

ನಾಳೆ ಬೆಳಿಗ್ಗೆ 8.30ಕ್ಕೆ ಮರುಸ್ಕ್ಯಾನಿನ ಮೊದಲ ಸರದಿಗೆ ಟೈಲರಮ್ಮನವರ ಹೆಸರು ಬರೆದಿದೆ.