ಎಲ್ಲರೂ ಸರಿಪಡಿಸಿದ ನೀರು

ಮಾನ್ಯ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಕುಳಿತಿರುವ ಕಾರ್ಯದರ್ಶಿಗಳೇ, ಖಜಾಂಚಿಗಳೇ, ಮನೆಯಲ್ಲಿ ಮೀನು ಸಾಕುವ ಈ ಸಂಘದ ಎಲ್ಲ ಸದಸ್ಯರೇ, ಆ ಸದಸ್ಯರು ತೊಟ್ಟಿಯ ಮುಂದೆ ಮೈಮರೆತು ಕುಳಿತಾಗ ಊಟಕ್ಕೆ ಕರೆದು ಕರೆದು ಗಂಟಲು ಒಣಗಿಸಿಕೊಂಡ ಅವರ ಮನೆಯವರೇ, ಸಭಿಕರೇ,

ನಾನು ಭಾಷಣ ಮಾಡುವವಳಲ್ಲ, ಬಟ್ಟೆ ಹೊಲಿಯುವವಳು. ಹೊಸದಕ್ಕಿಂತ ಹಳೆಯದನ್ನು ಬಿಗಿ ಮಾಡುವುದು, ಸಡಿಲ ಮಾಡುವುದೇ ನನ್ನ ಕೆಲಸ. ಈ ವೇದಿಕೆಗೆ ನನ್ನನ್ನು ಕರೆದಿರುವುದು ನಮ್ಮ ಯಜಮಾನರ ದೆಸೆಯಿಂದ. ಹೋದ ವಾರ್ಷಿಕೋತ್ಸವದಲ್ಲಿ ಅವರು ಇದೇ ಮೈಕಿನ ಮುಂದೆ ನಿಂತು ಗಡಸು ನೀರಿನ ಬಗ್ಗೆ ಮಾತಾಡಿದರು. ಅವರು ನಿಲ್ಲಿಸುವಷ್ಟರಲ್ಲಿ ಊಟ ಆರಿ ತಣ್ಣಗಾಗಿತ್ತು. ಈ ವರ್ಷ ಅವರಿಲ್ಲ. ಅವರ ತೊಟ್ಟಿಯನ್ನು ನಾನು ಸಂಘಕ್ಕೆ ಒಪ್ಪಿಸುತ್ತೇನೆಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಅದನ್ನು ಇಡಲು ಅಗೋ ಮೇಜೂ ಸಿದ್ಧವಾಗಿದೆ. ಇನ್ನೂ ಬರಲಿಲ್ಲವಲ್ಲ ಎಂದು ಖಜಾಂಚಿಗಳು ಬಾಗಿಲ ಕಡೆ ನೋಡುತ್ತಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸದಸ್ಯರಿಗೆ ಗೊತ್ತಿರುವುದೇ, ಮನೆಯವರಿಗಾಗಿ ಹೇಳುತ್ತೇನೆ. ನಮ್ಮ ನಲ್ಲಿ ನೀರು ಗಡಸು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣವನ್ನು ನೀವೆಲ್ಲ ಉಜ್ಜಿದವರೇ. ನಮ್ಮ ಯಜಮಾನರ ಮೀನುಗಳಾದರೋ ಎಲೆ ಕೊಳೆತು ಕಂದಾದ ಮೆದು ನೀರಿನಲ್ಲಿ ಹುಟ್ಟಿದ ಜಾತಿಯವು. ಅವಕ್ಕಾಗಿ ಇವರು ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು, ನಲ್ಲಿ ನೀರಿಗೆ ಬೆರೆಸಿ, ಒಣಗಿದ ಕಾಡುಬಾದಾಮಿ ಎಲೆ ಹಾಕಿ, ತೊಟ್ಟಿಯನ್ನು ಕಪ್ಪು ಚಹಾದ ಬಣ್ಣಕ್ಕೆ ತರುತ್ತಿದ್ದರು. ಬಂದವರೆಲ್ಲ, ಏನಮ್ಮಾ, ನೀರು ಬದಲಾಯಿಸುವುದಿಲ್ಲವೇ ಎಂದು ನನ್ನನ್ನು ಕೇಳುತ್ತಿದ್ದರು. ಯಜಮಾನರನ್ನು ಒಬ್ಬರಾದರೂ ಕೇಳಿದರೇ? ಮನೆಯಲ್ಲಿ ಕೊಳೆ ಕಂಡರೆ ಅದು ಹೆಂಗಸಿನ ಲೆಕ್ಕಕ್ಕೇ ಅಲ್ಲವೇ?

ಅವರು ಹೋದದ್ದು ಬೇಸಿಗೆಯಲ್ಲಿ. ಡ್ರಮ್ಮಿನ ಮಳೆನೀರು ತಳ ಕಂಡಿತ್ತು. ತೊಟ್ಟಿಯ ನೀರು ಆರಿದಷ್ಟನ್ನು ನಾನು ನಲ್ಲಿಯಿಂದ ತುಂಬಿಸುತ್ತಿದ್ದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಆಗ ನೀವೆಲ್ಲ ಮನೆಗೆ ಬಂದಿರಿ. ಆ ಉಪಕಾರವನ್ನು ನಾನು ಮರೆತಿಲ್ಲ. ಆದರೆ ಬೇರೆಯವರು ಸಾಂತ್ವನ ಹೇಳಲು ಬಂದರೆ ಕೈಕಟ್ಟಿ ಕೂರುತ್ತಾರೆ. ನೀವು? ನೀರು ಪರೀಕ್ಷಿಸುವ ಬಾಟಲಿ ಜೇಬಿನಲ್ಲಿಲ್ಲದೆ ನೀವು ಮದುವೆಗೂ ಹೊರಡುವವರಲ್ಲ. ನಾನು ಒಳಗೆ ಚಹಾ ಮಾಡುತ್ತಿದ್ದಾಗ ಖಜಾಂಚಿಗಳು ತೊಟ್ಟಿಯ ನೀರಿಗೆ ಹನಿ ಬಿಟ್ಟು ನೋಡಿದರು. ನೀಲಿ ಬಂತು, ಅಂದರೆ ಕ್ಷಾರ ಏರಿದೆ. ಪಾಪ, ದುಃಖದಲ್ಲಿರುವ ಹೆಂಗಸಿಗೆ ಇದನ್ನೇಕೆ ಹೇಳುವುದು ಎಂದುಕೊಂಡು ಸದ್ದಿಲ್ಲದೆ ಆಮ್ಲ ಸುರಿದರು. ಆಮೇಲೆ ಬಂದ ಕಾರ್ಯದರ್ಶಿಗಳಿಗೆ ಹಳದಿ ಕಂಡಿತು, ಅಂದರೆ ಆಮ್ಲ ಹೆಚ್ಚಾಗಿದೆ. ಅವರೂ, ಪಾಪ ಎಂದುಕೊಂಡೇ, ಅಡುಗೆ ಸೋಡಾ ಹಾಕಿದರು. ಅಧ್ಯಕ್ಷರು ಇಬ್ಬರಿಗಿಂತ ಹಿರಿಯರು. ಅವರು ಕ್ಷಾರ ಏರಿಸಲೆಂದು ಪುಡಿ ಮಾಡಿದ ಕಪ್ಪೆಚಿಪ್ಪನ್ನು ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಬಚ್ಚಿಟ್ಟರು. ಬಂದಾಗಲೆಲ್ಲ ಇದೇ ನಡೆಯಿತು. ಆಗ ನನಗೂ ಹೇಳಲಿಲ್ಲ, ಒಬ್ಬರಿಗೊಬ್ಬರೂ ಹೇಳಿಕೊಳ್ಳಲಿಲ್ಲ. ನೀರು ಏರಿತು, ಇಳಿಯಿತು, ಮತ್ತೆ ಏರಿತು. ಮೀನುಗಳು ರೆಕ್ಕೆ ಮುದುರಿಕೊಂಡು ಮೇಲೆ ಬಂದು ಬಾಯಿ ಬಿಡತೊಡಗಿದವು.

ನೀರೊಂದೇ ಅಲ್ಲ. ಅತ್ತುಬಿಡಿ, ಹಗುರಾಗುತ್ತದೆ ಎಂದರು ಒಬ್ಬರು. ಅಳಬೇಡಿ, ಗಟ್ಟಿಯಾಗಿರಿ ಎಂದರು ಇನ್ನೊಬ್ಬರು. ನನ್ನ ತಂಗಿ ಮನೆ ಬಿಟ್ಟು ಬಾ ಎಂದಳು, ಅಣ್ಣ ಮನೆ ಬಿಡಬೇಡ ಎಂದ. ಎಲ್ಲರೂ ಪ್ರೀತಿಯಿಂದಲೇ ಹೇಳಿದರು. ನಾನೂ ಬೆಳಿಗ್ಗೆ ಅಳುತ್ತಿದ್ದೆ, ಸಂಜೆಗೆ ಗಟ್ಟಿಯಾಗುತ್ತಿದ್ದೆ. ಯಾರ ಮಾತಿಗೆ ಏನಾಗುತ್ತಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಮೂವರೂ ಒಟ್ಟಿಗೇ ಬಂದರು. ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬರುತ್ತೇನೆ, ಮೂವರೂ ತೊಟ್ಟಿಯ ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಒಬ್ಬರ ಕೈಯಲ್ಲಿ ಬಾಟಲಿ, ಒಬ್ಬರ ಕೈಯಲ್ಲಿ ಪೊಟ್ಟಣ, ಒಬ್ಬರ ಕೈಯಲ್ಲಿ ಚೀಲ. ಈಗ ನಗುತ್ತೀರಿ, ನಗಿ. ಅವತ್ತು ನಾನು ನಗಲಿಲ್ಲ.

“ಎಲ್ಲಾ ಒಳಗಿಟ್ಕೊಳ್ಳಿ,” ಎಂದೆ. “ಇನ್ಮೇಲೆ ಯಾರೂ ಇದಕ್ಕೆ ಕೈ ಹಾಕ್ಬೇಡಿ. ಸ್ವಲ್ಪ ದಿನ ಇದನ್ನ ಇದ್ದ ಹಾಗೇ ಇರೋದಕ್ಕೆ ಬಿಡಿ.”

ನಮ್ಮ ಯಜಮಾನರು ಹೋದ ಮೇಲೆ ನಾನು ದನಿ ಎತ್ತಿ ಆಡಿದ ಮೊದಲ ಮಾತು ಅದು. ಅಧ್ಯಕ್ಷರು ಮೆಲ್ಲಗೆ, “ಸತ್ತುಹೋದ್ರೆ ಏನಮ್ಮಾ ಮಾಡ್ತೀರಿ?” ಎಂದು ಕೇಳಿದರು. ಅವರು ಕೇಳಿದ್ದು ಮೀನಿನ ವಿಷಯ. ನಾನು ಹೇಳಿದ್ದು ಮೀನಿನ ವಿಷಯವೇ ಆಗಿತ್ತೇ? ನನಗೆ ಈಗಲೂ ಗೊತ್ತಿಲ್ಲ.

ಚಿಪ್ಪಿನ ಚೀಲ ತೆಗೆಸಿದೆ. ಮೀನುಗಳ ಉಸಿರು ಹದಕ್ಕೆ ಬರುವವರೆಗೆ ಸುಮ್ಮನಿದ್ದೆ. ಆಮೇಲೆ ದಿನವೂ ಬೆಳಿಗ್ಗೆ ಒಂದು ಚೊಂಬು ಹಳೆಯ ನೀರು ತೆಗೆದು, ಹಿಂದಿನ ದಿನ ಹಿಡಿದಿಟ್ಟ ನಲ್ಲಿ ನೀರು ಒಂದು ಚೊಂಬು ಹಾಕಿದೆ. ಬಿಗಿಯಾದ ರವಿಕೆಯನ್ನು ಜಗ್ಗಿ ಸಡಿಲ ಮಾಡಲಾಗುವುದಿಲ್ಲ, ಹರಿದುಹೋಗುತ್ತದೆ. ಹೊಲಿಗೆ ಬಿಚ್ಚುತ್ತಾ ಬರಬೇಕು. ಎಲ್ಲವೂ ಉಳಿಯಲಿಲ್ಲ. ಇವರು ದೊಡ್ಡಮ್ಮ ಎಂದು ಕರೆಯುತ್ತಿದ್ದ ಆ ದೊಡ್ಡ ಮೀನು ಹೋಯಿತು. ಉಳಿದವು ನಮ್ಮ ನಲ್ಲಿ ನೀರಿಗೆ ಒಗ್ಗಿಕೊಂಡವು. ಈಗ ಬಂದವರು, ಎಷ್ಟು ಸ್ವಚ್ಛವಾಗಿದೆ ಎನ್ನುತ್ತಾರೆ. ಅವರಿದ್ದಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ.

ಒಂದು ದಿನ ಚೊಂಬು ಕೈಯಲ್ಲಿ ಹಿಡಿದು ನಿಂತಿದ್ದಾಗ ಹೊಳೆಯಿತು. ಯಜಮಾನರು ಬೆರೆಸಿದ ನೀರು ಈ ತೊಟ್ಟಿಯಲ್ಲಿ ಇನ್ನು ಇಲ್ಲವೆಂದೇ ಹೇಳಬೇಕು, ಅದನ್ನೆಲ್ಲ ನನ್ನ ಕೈಯಾರೆ ಹೊರಗೆ ಚೆಲ್ಲಿದ್ದೇನೆ. ಅವತ್ತು ನನಗೆ ತುಂಬ ಅಳು ಬಂತು. ಅಳು ಎಂದು ಯಾರೂ ಹೇಳಿರಲಿಲ್ಲ, ಅಳಬೇಡ ಎಂದೂ ಯಾರೂ ಹೇಳಲಿಲ್ಲ.

ಖಜಾಂಚಿಗಳೇ, ಇನ್ನು ಬಾಗಿಲ ಕಡೆ ನೋಡಬೇಡಿ. ತೊಟ್ಟಿ ಬರುವುದಿಲ್ಲ. ಒಪ್ಪಿಕೊಂಡಿದ್ದೆ ನಿಜ. ಇವತ್ತು ಬೆಳಿಗ್ಗೆ ಅದರ ಪಂಪು ಆರಿಸಿ ನೋಡಿದೆ. ಹೊಲಿಗೆ ಯಂತ್ರ ನಿಲ್ಲಿಸಿದಾಗಲೆಲ್ಲ ಆ ಪಂಪಿನ ಸದ್ದು ಕೇಳುತ್ತಿರುತ್ತದೆ. ಅದು ನಿಂತಾಗ ಮನೆಯಲ್ಲಿ ಉಸಿರಾಡುವವಳು ನಾನೊಬ್ಬಳೇ ಅನ್ನಿಸಿತು. ಇದನ್ನು ಸಭೆಯಲ್ಲಿ ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು. ಪಂಪು ಮತ್ತೆ ಹಾಕಿದೆ.

ಆದರೆ ಬರಿಗೈಯಲ್ಲಿ ಬಂದಿಲ್ಲ. ಈ ಊಟದ ಡಬ್ಬಿಯಲ್ಲಿ ಆ ಫಿಲ್ಟರಿನ ಸ್ಪಂಜಿದೆ. ಹೊಸ ತೊಟ್ಟಿಯನ್ನು ಹದಕ್ಕೆ ತರುವ ಸೂಕ್ಷ್ಮಜೀವಿಗಳೆಲ್ಲ ಇದರಲ್ಲೇ ಇರುತ್ತವಂತೆ. ಹಾಗೆಂದು ಕಲಿಸಿದವರು ನೀವೇ. ನೀರೆಲ್ಲ ಬದಲಾಯಿತು, ಆದರೆ ಇದು ಅವರು ತಮ್ಮ ಕೈಯಿಂದ ಇಟ್ಟದ್ದು, ಇನ್ನೂ ಜೀವಂತವಾಗಿದೆ. ನನಗೆ ಬರುವ ಕೆಲಸ ಕತ್ತರಿಸುವುದಲ್ಲವೇ, ಸರಿಯಾಗಿ ಅರ್ಧ ಕತ್ತರಿಸಿ ತಂದಿದ್ದೇನೆ. ಆ ಮೇಜಿನ ಮೇಲೆ ನಿಮ್ಮದೊಂದು ತೊಟ್ಟಿ ಇಟ್ಟು ಇದನ್ನು ಅದರಲ್ಲಿ ಹಾಕಿ. ನೀರು ಏರುಪೇರಾದರೆ ಬಾಟಲಿ ತೆಗೆಯುವ ಮೊದಲು ದಯವಿಟ್ಟು ಒಬ್ಬರನ್ನೊಬ್ಬರು ಕೇಳಿ. ಉಳಿದ ಅರ್ಧ ನಮ್ಮ ಮನೆಯಲ್ಲಿರುತ್ತದೆ.

ಇದು ಒಣಗುವ ಮೊದಲು ನೀರಿಗೆ ಬೀಳಬೇಕು, ಹಾಗಾಗಿ ಅವರಂತೆ ನಾನು ನಿಮ್ಮ ಊಟ ತಣ್ಣಗಾಗಿಸುವುದಿಲ್ಲ. ಅವರನ್ನು ನೆನೆದಿರಿ, ನನ್ನನ್ನು ಕರೆದಿರಿ, ಇಷ್ಟು ಹೊತ್ತು ಕೇಳಿದಿರಿ. ನಿಮಗೆಲ್ಲ ನನ್ನ ಕೃತಜ್ಞತೆಗಳು. ಮನೆಗೆ ಬರುತ್ತಾ ಇರಿ. ನಮಸ್ಕಾರ.