ಬ್ಯಾಟರಿಗೆ ತುತ್ತು ಕೊಡೋ ಡಬ್ಬಿ

…ಅಷ್ಟಕ್ಕೇ ನಗ್ತೀಯಲ್ಲ ಅತ್ತೆ, ಪೂರ್ತಿ ಕೇಳು. ಇದು ಬರೀ ಚಾರ್ಜರ್ ಅಲ್ಲ. ಬೈಕು ನಿಂತಲ್ಲೇ ನಿಂತಿದ್ರೆ ಬ್ಯಾಟರಿ ತಾನಾಗೇ ಇಳೀತಾ ಹೋಗುತ್ತೆ, ಅಲ್ವಾ? ಆಗ ಈ ಡಬ್ಬಿ ಏನು ಮಾಡುತ್ತೆ ಅಂದ್ರೆ… ಮೆಟ್ಟಿಲು, ಮೆಟ್ಟಿಲು ನೋಡ್ಕೊಂಡು. ಎಡಗಾಲು ಮೆಲ್ಲಗೆ. ಕೋಲು ಇಲ್ಲಿ ಕೊಡು, ನನ್ನ ಭುಜ ಹಿಡ್ಕೋ. ಅಪ್ಪ ಅಂತಿದ್ದ, ನನ್ನ ತಂಗಿ ಗಾಡಿ ಹತ್ತಿದ್ರೆ ಬೀದಿ ನಾಯಿಗಳೂ ದಾರಿ ಬಿಡ್ತವೆ ಅಂತ. ಗಾಡಿ ಮೇಲಿಂದ ಒಂದು ಸಲಾನೂ ಬೀಳದವಳು, ಹೋಗಿ ಹೋಗಿ ಬಚ್ಚಲಲ್ಲಿ ಸೋಪು ತುಳಿದು… ಸರಿ, ಸರಿ, ಹೇಳಲ್ಲ. ಗುರಾಯಿಸಬೇಡ.

ಎಲ್ಲಿದ್ದೆ? ಹಾಂ, ಡಬ್ಬಿ. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ, ಆಮೇಲೆ ಸ್ವಿಚ್ಚು. ಚೂರು ಚೂರೇ ಕರೆಂಟು ಕೊಡುತ್ತೆ. ಬ್ಯಾಟರಿ ತುಂಬಿತೋ, ತಾನೇ ಕೈ ಕಟ್ಟಿ ಕೂತ್ಕೊಳುತ್ತೆ. ಸ್ವಲ್ಪ ಇಳೀತೋ, ಮತ್ತೊಂದು ತುತ್ತು. ನಮ್ಮಮ್ಮನ ಥರ ಸಾಕು ಸಾಕು ಅಂದ್ರೂ ತಟ್ಟೆಗೆ ಸುರಿಯಲ್ಲ. ನೋಡು, ನಕ್ಕೆ. ನೀನು ಮಂಚ ಹಿಡಿದ ಮೇಲೆ ಗಾಡಿಗೆ ಈ ಡಬ್ಬಿ, ನಿಂಗೆ ಅಮ್ಮ. ಗಾಡಿ ಹಾಗೇ ಇದೆ ಅತ್ತೆ, ಊದಿರೋದು ನೀನು. ಅಮ್ಮ ಬೇರೆ, ಡಬ್ಬಿ ಮೇಲೆ ಹಸಿರು ದೀಪ ಕಂಡ್ರೆ ಸಾಕು, ಕರೆಂಟು ದಂಡ ಅಂತ ಆರಿಸಿಬಿಡೋಳು. ನಾನು ಹಾಕೋದು, ಅವಳು ಆರಿಸೋದು. ಇದೇ ನಮ್ಮಿಬ್ಬರ ಆಟ.

ಅದಕ್ಕೇ ಹೇಳ್ತಿರೋದು, ಗಾಡಿ ಮಾರಬೇಡ. ಕೊಳ್ಳೋಕೆ ಆ ಮನುಷ್ಯ ಈಗ ಬರ್ತಾನಲ್ಲ, ನೋಡ್ಲಿ, ಟೀ ಕುಡೀಲಿ, ಹೋಗ್ಲಿ. ಡಾಕ್ಟ್ರು ಆ ಕಾಲಲ್ಲಿ ಗೇರ್ ಹಾಕಬೇಡಿ ಅಂದಿದ್ದು ಈಗ. ಜನ್ಮಪೂರ್ತಿ ಅಂತ ಅಲ್ವಲ್ಲ… ಯಾಕೆ ಹಾಗೆ ನೋಡ್ತೀಯ? ಜನ್ಮಪೂರ್ತೀನಾ? ನಂಗ್ಯಾರೂ ಹೇಳ್ಲೇ ಇಲ್ಲ.

ಇರ್ಲಿ. ಆದ್ರೂ ಇರ್ಲಿ. ಸುಮ್ನೆ ಇಲ್ಲೇ ನಿಂತಿರ್ಲಿ, ಡಬ್ಬಿ ಇದೆಯಲ್ಲ.

ನಾನಾ? ನಾನ್ಯಾಕೆ ಓಡಿಸ್ಲಿ? ಕುಳ್ಳಿ, ಸಣಕಲು ಹುಡುಗಿ, ಗಾಡಿ ನಿನಗಿಂತ ಭಾರ, ಚಾರ್ಜ್ ಹಾಕು, ಹತ್ತಬೇಡ ಅಂತ ನೀನೇ ಹೇಳಿದ್ದಲ್ವಾ. ಹತ್ತಿಲ್ಲ. ಧೂಳು ಒರೆಸಿದೀನಿ, ಅಷ್ಟೇ.

ಬಾ, ಒಂದೇ ಸಲ ಕೂತ್ಕೋ. ನಾನು ಹಿಡ್ಕೊಂಡಿರ್ತೀನಿ. ಕಾಲು ಎತ್ತು… ಆಯ್ತು. ಈಗ ಸ್ಟಾರ್ಟ್ ಒತ್ತು. ನೋಡಿದ್ಯಾ? ಒಂದೇ ಸಲಕ್ಕೆ. ಒಂದು ಕೆಮ್ಮೂ ಇಲ್ಲ. ಎಷ್ಟು ಖುಷಿ ನೋಡು ಮುಖದಲ್ಲಿ… ಯಾಕೆ ಆಫ್ ಮಾಡಿದೆ?

ಕನ್ನಡೀಲಿ ಏನು ನೋಡ್ತಿದ್ದೀಯ? ಹಿಂದಿನ ಗೋಡೆ ಕಾಣಲ್ವಾ? ಬರೀ ನಿನ್ನ ಮೊಣಕೈ ಕಾಣುತ್ತಾ? ಅದು… ಒರೆಸುವಾಗ ತಿರುಗಿರಬೇಕು. ಆ ಕಡೇದೂ. ಹೌದು, ಎರಡೂ ಒಂದೇ ಥರ ಬಗ್ಗಿದೆ. ಯಾರೋ ಕುಳ್ಳಗಿರೋರಿಗೆ ಸರಿ ಹೋಗೋ ಹಾಗೆ… ಅಮ್ಮ ಓಡಿಸಿರಬೇಕು.

ನಗು ಅತ್ತೆ. ಯಾಕೆ ನಗ್ತಿಲ್ಲ?

ನಾನೇ. ನಿನ್ನ ಮಾತ್ರೆ ತರೋಕೆ ಅಂತ… ಮೊದಲು. ಆಮೇಲೆ ಸುಮ್ನೇನೂ. ನಿಂಗೆ ಸದ್ದು ಕೇಳಬಾರ್ದು ಅಂತ ಬೀದಿ ತಿರುವಿನ ತನಕ ತಳ್ಕೊಂಡೇ ಹೋಗ್ತಿದ್ದೆ. ಅಷ್ಟೇನೂ ಭಾರ ಇಲ್ಲ. ನಿನ್ನಷ್ಟಿಲ್ಲ… ಬೈಯಿ. ಬೈದುಬಿಡು.

ಅಗೋ, ಗೇಟು ಸದ್ದಾಯ್ತು. ಆ ಮನುಷ್ಯ ಬಂದ. ಕನ್ನಡಿ ನಿನ್ನ ಅಳತೆಗೆ ತಿರುಗಿಸ್ಕೋ ಅತ್ತೆ, ಕೊನೇ ಸಲ ಸರಿಯಾಗಿ ಕೂತ್ಕೋ… ಯಾಕೆ ಕೈ ತೆಗೆದೆ? ಹಿಂದಕ್ಕೆ ಯಾಕೆ ಸರೀತಿದ್ದೀಯ? ಅದು ಹಿಂದೆ ಕೂರೋರ ಜಾಗ… ಮುಂದೆ ನಾನಾ?

ಅತ್ತೆ. ಹಾಗಾದ್ರೆ ಅವನಿಗೆ ಏನಂತ ಹೇಳ್ಲಿ ನಾನು?