ಆಲದ ಬಾವಿಯ ಹರಾಜು

ಈ ಸಂಗತಿಯನ್ನು ನನಗೆ ಮೊದಲು ಹೇಳಿದವನು ನನ್ನ ಷಡ್ಡಕ ಕಾಂತರಾಜು. ನಂದಗುಡಿಯಿಂದ ಒಳಕ್ಕೆ ಹೋದರೆ ಸಿಗುವ ಹಳ್ಳಿ ಅವನದು. ಒಂದಕ್ಕೆ ಎರಡು ಸೇರಿಸಿ ಹೇಳುವ ಪೈಕಿ ಅಲ್ಲ. ಶನಿವಾರ ನಮ್ಮ ಆಂಜನೇಯನ ಗುಡಿಯಲ್ಲಿ ಭಜನೆ ಮುಗಿದು, ಮಂಗಳಾರತಿ ಆಗಿ, ಜನ ಚದುರಿದ ಮೇಲೆ ನಾವಿಬ್ಬರೇ ಜಗಲಿಯ ಮೇಲೆ ಉಳಿದೆವು. ಗರ್ಭಗುಡಿಯ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಅವನು ಒಮ್ಮೆ ತಿರುಗಿ ನೋಡಿಕೊಂಡ. ಇಂಥದ್ದನ್ನು ದೇವರ ಎದುರಿಗೆ ಹೇಳಬಹುದೋ ಬಾರದೋ ಎಂಬ ಅಳುಕು. ಸ್ವಾಮಿಗೆ ಗೊತ್ತಿಲ್ಲದ್ದು ಏನಿದೆ, ಹೇಳಪ್ಪಾ, ಎಂದೆ. ಆಮೇಲೆ ಬಾಯಿ ಬಿಟ್ಟ.

ಆ ರಾತ್ರಿ ಕಾಂತರಾಜು, ಅವನ ಸೋದರಮಾವ ಸಂಜೀವಪ್ಪ, ಇಬ್ಬರೂ ಹೊಸಕೋಟೆಯಿಂದ ಕೊನೇ ಬಸ್ಸಿಗೆ ಬಂದು, ಊರಿನ ದಾರಿ ಒಡೆಯುವ ಗೇಟಿನಲ್ಲಿ ಇಳಿದರಂತೆ. ಅಲ್ಲಿಂದ ಊರಿಗೆ ನಡಿಗೆ. ಊರು ಇನ್ನೇನು ಬಂತು ಎನ್ನುವಾಗ ಒಂದು ಆಲದ ಮರ. ಅದರ ಮಗ್ಗುಲಲ್ಲೇ ಹಳೇ ಬಾವಿ. ಬೋರ್‌ವೆಲ್ಲು ಬಂದ ಕಾಲಕ್ಕೇ ಅದರ ನೀರು ಬತ್ತಿತು. ಬಾವಿಯ ಕಟ್ಟೆಯ ಮೇಲೆ ಒಂದು ನಿಲುಗಲ್ಲು ಇದೆ. ಯಾರೋ ಯಾವಾಗಲೋ ಅದಕ್ಕೆ ಅರಿಶಿನ ಬಳಿದಿದ್ದಾರೆ. ಯಾವ ದೇವರು ಎಂದು ಕೇಳಿದರೆ ಊರಿನ ಹಿರೀಕರಿಗೂ ಗೊತ್ತಿಲ್ಲ.

ಮುಂದಕ್ಕೆ ಹೋಗುವ ಮೊದಲು ಸಂಜೀವಪ್ಪನವರ ವಿಷಯ ಹೇಳಬೇಕು.

ಅವರು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು. ಟೊಮ್ಯಾಟೊ ಕ್ರೇಟುಗಳ ಮುಂದೆ ನಿಂತು, ರೈತನ ಹೆಸರು ಹಿಡಿದು, ‘ಒಂದ್ನೇ ಸಾರೀ…’ ಎಂದು ಎಳೆದರೆ ಮಂಡಿಯ ಆಚೆ ತುದಿಯಲ್ಲಿ ಟೀ ಕುಡಿಯುತ್ತಿದ್ದವರೂ ಲೋಟ ಇಟ್ಟು ಓಡಿ ಬರುತ್ತಿದ್ದರು. ಕಂಚಿನ ಗಂಟೆಯಂಥ ಕಂಠ. ಮಂಡಿಯಲ್ಲಿ ಒಂದು ಕಟ್ಟುಪಾಡು ಇದೆ. ‘ಮೂರ್ನೇ ಸಾರಿ’ ಎನ್ನುವುದರೊಳಗೆ ಯಾರಾದರೂ ಹೆಚ್ಚಿನ ಬೆಲೆಯ ಸವಾಲು ಕೂಗಬೇಕು. ಮೂರನೆಯದು ಬಾಯಿಂದ ಬಿತ್ತೋ, ಮಾಲು ಹೋಯಿತು. ಆಮೇಲೆ ಅದರ ಒಡೆಯನೇ ಬಂದು ಅತ್ತರೂ ತಿರುಗಿ ಬರುವುದಿಲ್ಲ.

ಆ ಕಂಠ ಒಂದು ವರ್ಷ ಒಡೆಯಿತು. ಕೂಗಿ ಕೂಗಿ ಹೀಗಾಗಿದೆ ಎಂದು ಶುಂಠಿ ಕಷಾಯ ಕುಡಿದರು, ಜೇನುತುಪ್ಪ ನೆಕ್ಕಿದರು. ಬೀಡಿ ಮಾತ್ರ ಬಿಡಲಿಲ್ಲ. ಕೊನೆಗೆ ಮಲಗಿದರೆ ಉಸಿರು ‘ಕೀಂ…’ ಎಂದು ಎಳೆಯತೊಡಗಿದಾಗ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್. ಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಕಂಠ ಹೋಗುತ್ತದೆ, ಜೀವ ಉಳಿಯಬಹುದು ಎಂದರು ಡಾಕ್ಟರು.

ಆಪರೇಷನ್ನಿಗೆ ಸೇರಿಸುವ ಹಿಂದಿನ ಸಂಜೆ ಅವರ ಹೆಂಡತಿ ಅನುಸೂಯಮ್ಮ ಮುನೇಶ್ವರನ ಗುಡಿಗೆಂದು ತೆಂಗಿನಕಾಯಿ ಹಿಡಿದು ಹೊರಟರು. ಗುಡಿ ದೂರ. ಕತ್ತಲಾಗುತ್ತಿತ್ತು. ಆಲದ ಮರದ ಹತ್ತಿರ ಬಂದಾಗ ಆ ಅರಿಶಿನದ ಕಲ್ಲು ಕಂಡಿತು. ಯಾವುದಾದರೇನು, ದೇವರು ದೇವರೇ ಅಲ್ಲವೇ ಎಂದುಕೊಂಡು ಅಲ್ಲೇ ಕಾಯಿ ಒಡೆದು ಹರಕೆ ಹೊತ್ತರು. ‘ಅವರ ಕಂಠ ನಿಂಗೆ ಬಿಟ್ಟಿದ್ದೀನಿ ತಾಯಿ. ಉಸಿರು ನಂಗೆ ಉಳಿಸು.’ ಅದು ತಾಯಿಯೋ ತಂದೆಯೋ, ಅದೂ ಗೊತ್ತಿರಲಿಲ್ಲ ಆ ಹೆಣ್ಣುಮಗಳಿಗೆ.

ಆಪರೇಷನ್ ಒಳ್ಳೆಯದೇ ಆಯಿತು. ಕತ್ತಿನ ಬುಡದಲ್ಲಿ ಒಂದು ತೂತು ಬಿಟ್ಟಿದ್ದರು. ಉಸಿರೆಲ್ಲ ಅಲ್ಲಿಂದಲೇ; ಮೂಗು, ಬಾಯಿ ಲೆಕ್ಕಕ್ಕಿಲ್ಲ. ಮೇಲೊಂದು ತೆಳ್ಳನೆ ಬಟ್ಟೆ ಕಟ್ಟಿಕೊಳ್ಳಬೇಕು. ಕೆಲವು ತಿಂಗಳು ಕಳೆದ ಮೇಲೆ ಉಸಿರಿನ ನಾಳಕ್ಕೂ ಅನ್ನದ ನಾಳಕ್ಕೂ ನಡುವೆ ಒಂದು ಸಣ್ಣ ವಾಲ್ವ್ ಕೂರಿಸಿದರು. ಹೆಬ್ಬೆರಳಿನಿಂದ ಕತ್ತಿನ ತೂತು ಮುಚ್ಚಿ ಉಸಿರು ದೂಡಿದರೆ ಅದು ವಾಲ್ವಿನ ಮೂಲಕ ನುಗ್ಗಿ ಬಾಯಲ್ಲಿ ಮಾತಾಗುತ್ತದೆ. ಮಾತು ಕಲಿಸುವ ರಮ್ಯಶ್ರೀ ಎಂಬ ಹುಡುಗಿ, ‘ಒಂದು, ಎರಡು, ಮೂರು ಅನ್ನಿ ಅಪ್ಪಾ’ ಎಂದಳಂತೆ. ಸಂಜೀವಪ್ಪ ಬೆರಳಿಟ್ಟು, ಮುಖ ಕೆಂಪಗೆ ಮಾಡಿಕೊಂಡು, ‘ಒಂದ್ನೇ ಸಾರಿ’ ಎಂದರು! ವಾರ್ಡಿಗೆ ವಾರ್ಡೇ ನಕ್ಕಿತು. ಅನುಸೂಯಮ್ಮ ಮಾತ್ರ ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಮನೆಗೆ ಬಂದ ಮೇಲೆ ಅನುಸೂಯಮ್ಮ ಸಂತೋಷದಲ್ಲಿ ಹರಕೆಯ ವಿಷಯ ಅತ್ತೆಗೆ ಹೇಳಿಬಿಟ್ಟರು. ಅತ್ತೆ ಮುನಿಗಂಗಮ್ಮ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

“ಯಾವ ಕಲ್ಲಿಗೆ ಬಿಟ್ಟೆ ಅಂದೆ?”

“ಬಾವಿ ಕಟ್ಟೆ ಮೇಲಿಂದು ಅತ್ತೆ.”

“ಅಯ್ಯೋ ನನ್ನ ಕರ್ಮವೇ! ಮುನೇಶ್ವರ ಊರು ಬಿಟ್ಟು ಹೋಗಿದ್ನೇನೇ? ಅದ್ಯಾವುದಕ್ಕೋ ಬಿಟ್ಟು, ಈಗ ಮಾತು ಬಂತು ಅಂತ ಕುಣೀತಿದ್ದೀಯಲ್ಲೇ. ಬಿಟ್ಟ ಬಸವನ್ನ ತಿರುಗಿ ಕೊಟ್ಟಿಗೇಲಿ ಕಟ್ಕೊಂಡಂಗಾಯ್ತು.”

ನಮ್ಮ ಕಡೆ ಕಷ್ಟ ಬಂದಾಗ ದೇವರ ಹೆಸರಿನಲ್ಲಿ ಬಸವನನ್ನು ಬಿಡುತ್ತೇವೆ. ಅದು ಯಾರ ಹೊಲದಲ್ಲಿ ಮೇದರೂ ಹೊಡೆಯಬಾರದು. ಬಿಟ್ಟವರು ಮಾತ್ರ ಅದನ್ನು ಮತ್ತೆ ತಮ್ಮ ಮನೆಗೆ ಹೊಡೆದುಕೊಂಡು ಬರಬಾರದು. ಮುದುಕಿ ಹೇಳಿದ್ದು ಅದನ್ನು.

ಸಂಜೀವಪ್ಪ ಕತ್ತಿಗೆ ಬೆರಳಿಟ್ಟು ಗೊರಗೊರ ದನಿಯಲ್ಲಿ, “ಅವ್ವಾ, ಇದು ಬೇರೆ ಬಸವ. ಡಾಕ್ಟ್ರು ಕೊಟ್ಟಿದ್ದು” ಎಂದು ನಕ್ಕರು.

“ಅದನ್ನ ಆ ಕಲ್ಲಿಗೆ ಯಾರು ತಿಳಿಸಿ ಹೇಳ್ತಾರೋ ಮಗನೇ?”

ಮುದುಕಿ ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಆರಿಸತೊಡಗಿದರು.

ಈಗ ಆ ರಾತ್ರಿಗೆ ಬರೋಣ. ಅವತ್ತು ಸಂಜೀವಪ್ಪ ಹೊಸ ದನಿಯಲ್ಲಿ ಮೊದಲ ಸಲ ಮಂಡಿಯಲ್ಲಿ ನಿಂತು ಒಂದು ಹರಾಜು ಕೂಗಿದ್ದರು. ಗೆಳೆಯರು ಮುತ್ತಿಕೊಂಡು, ‘ಗುರು, ಟ್ರ್ಯಾಕ್ಟರ್ ಸ್ಟಾರ್ಟ್ ಆದಂಗೈತೆ ಕಣೋ’ ಎಂದು ತಮಾಷೆ ಮಾಡಿ, ಬಿಡದೆ ಊಟ ಹಾಕಿಸಿ ಕಳಿಸಿದರು. ಅದಕ್ಕೇ ತಡವಾಗಿದ್ದು.

ಗೇಟಿನಿಂದ ಇಬ್ಬರೂ ನಡೆದರು. ಚಂದ್ರ ಮುಳುಗಿದ್ದ. ಕಾಂತರಾಜುವಿನ ಮೊಬೈಲಿನ ಬೆಳಕು ಕಾಲ ಬುಡಕ್ಕಷ್ಟೇ. ಮಾವನ ಕತ್ತಿನ ಬಟ್ಟೆಯೊಳಗಿಂದ ‘ಹ್ಸ್… ಹ್ಸ್…’ ಎಂದು ಉಸಿರು. ಚಪ್ಪಲಿಯಡಿ ಒಣಗಿದ ಆಲದೆಲೆ ‘ಚರಕ್… ಚರಕ್…’ ಎಂದಿತು. ಮರದಡಿ ಬಂದೆವು ಎಂದುಕೊಂಡ.

ಆಗ ಜೀರುಂಡೆ ನಿಂತವು. ಒಂದೊಂದಾಗಿ ಅಲ್ಲ. ಒಟ್ಟಿಗೆ…

ಬತ್ತಿದ ಬಾವಿಯೊಳಗೆ ನೀರು ತೊಟ್ಟಿಕ್ಕುವ ಸದ್ದು. ‘ಟಪ್…’ ಸ್ವಲ್ಪ ಹೊತ್ತು ಬಿಟ್ಟು, ‘ಟಪ್…’

“ಕೇಳಿಸ್ತಾ ಮಾವ?” ಪಿಸುಗುಟ್ಟಿದ ಕಾಂತರಾಜು.

ಮಾವ ಕತ್ತಿಗೆ ಬೆರಳಿಟ್ಟರು. “ಹೂಂ.”

“ನಡಿ ಮಾವ. ನಿಲ್ಲಬೇಡ.”

ಎರಡು ಹೆಜ್ಜೆ ಇಟ್ಟಿರಬಹುದು. ಬಾವಿಯ ಆಳದಿಂದ, ಕಲ್ಲು ಕಲ್ಲಿಗೂ ತಾಕಿ ಮೇಲೇರಿ ಬಂತು… ಕಂಚಿನ ಗಂಟೆಯಂಥ ಕಂಠ.

“ಸಂಜೀವಪ್ಪನ ಉಸಿರೂ… ಒಂದ್ನೇ ಸಾರೀ…”

ಆ ಕಂಠ ಯಾರದು ಎಂದು ಆ ಹೋಬಳಿಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಪೆಟ್ಟಿಗೆಯ ಸಮೇತ ಕೊಯ್ದು ತೆಗೆದದ್ದು. ಆಸ್ಪತ್ರೆಯಲ್ಲೇ ಉಳಿದದ್ದು. ಅದೇ.

ರಾತ್ರಿ ಹೊತ್ತು ಕಾಣದ್ದು ಕೂಗಿದರೆ ಓಗೊಡಬಾರದು, ತಿರುಗಿ ನೋಡಬಾರದು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವನು ಕಾಂತರಾಜು. ಮಾವನ ತೋಳು ಹಿಡಿದು ಎಳೆದ. ಮಾವ ಕದಲಲಿಲ್ಲ. ಅವರು ಮಂಡಿಯಲ್ಲಿ ಬೆಳೆದವರು. ಯಾರೂ ಸವಾಲು ಕೂಗದಿದ್ದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು.

“ಮಾವ, ಓಗೊಡಬೇಡ. ದಮ್ಮಯ್ಯ…”

ಆಗದು ಎಂಬಂತೆ ಮಾವ ತಲೆಯಾಡಿಸಿದರು. ಬೆರಳು ಕತ್ತಿಗಿಟ್ಟರು. ಬಾಯಿ ತೆರೆದರು. ಬರೀ ಗಾಳಿ. ಬೆರಳು ತೆಗೆದು ಮತ್ತೆ ಇಟ್ಟರು. ಒತ್ತಿ ಇಟ್ಟರು. ‘ಸ್ಸ್…’ ಅಷ್ಟೇ. ಮಧ್ಯಾಹ್ನ ಮಂಡಿಯಲ್ಲಿ ಕೂಗಿದ ಮಾತು ಅದೇ ಗಂಟಲಲ್ಲಿ ಹುಟ್ಟಲೇ ಇಲ್ಲ.

‘ಟಪ್…’

“ಸಂಜೀವಪ್ಪನ ಉಸಿರೂ… ಎರಡ್ನೇ ಸಾರೀ…”

ಮಾವ ಕುಸಿದು ಕೂತರು. ಕಾಂತರಾಜು ಮೊಬೈಲಿನ ಬೆಳಕು ಬಿಟ್ಟ. ಕತ್ತಿನ ಬಟ್ಟೆ ಅಲ್ಲಾಡುತ್ತಿರಲಿಲ್ಲ. ಆ ‘ಹ್ಸ್… ಹ್ಸ್…’ ಇರಲಿಲ್ಲ. ಬಟ್ಟೆ ಸರಿಸಿ ನೋಡಿದ. ತೂತು ತೆರೆದೇ ಇದೆ, ಅಡ್ಡ ಏನೂ ಇಲ್ಲ. ಆದರೂ ಒಳಕ್ಕೆ ಗಾಳಿ ಹೋಗುತ್ತಿಲ್ಲ. ತುಟಿ ನೀಲಿಗೆ ತಿರುಗುತ್ತಿತ್ತು…

ಆಗ ಊರ ಕಡೆಯಿಂದ ಒಂದು ಟಾರ್ಚು ಓಡಿ ಬಂತು. ಬಳೆ ಸದ್ದು. ಅನುಸೂಯಮ್ಮ! ಅವರ ಮನೆ ಊರಿನ ಈಚೆ ತುದಿಯಲ್ಲೇ. ಕೂಗು ಅಲ್ಲಿಗೂ ಮುಟ್ಟಿತ್ತು. ಗಂಡನ ಹಳೇ ಕಂಠ ಕೇಳಿ, ನಿದ್ದೆಗಣ್ಣಲ್ಲೇ ಎದ್ದು ಬಂದಿದ್ದರು. ಮುಖದಲ್ಲಿ ಇನ್ನೂ ನಗು ಇತ್ತು ಎಂದ ಕಾಂತರಾಜು.

“ಇವರು ಇಲ್ಲಿ ಬಿದ್ದಿದ್ದಾರೆ… ಮತ್ತೆ ಕೂಗಿದ್ದು ಯಾರೋ?”

“ಬಾವಿ ಕೂಗಿದ್ದು, ಅತ್ತೆ. ಮಾವನ ಉಸಿರು ಹರಾಜಿಗಿಟ್ಟೈತೆ. ಎರಡ್ನೇದು ಆಗೋಯ್ತು.”

ಅನುಸೂಯಮ್ಮ ಗಂಡನ ಮುಖ ನೋಡಿದರು. ನಗು ಹೋಯಿತು. ಹರಕೆ ಹೊತ್ತದ್ದು ತಾನು, ಯಾರಿಗೆ ಎಂದು ಕೇಳದೆ ಹೊತ್ತದ್ದು ತಾನು, ಎಂಬುದು ಅವರಿಗೆ ಆ ಗಳಿಗೆಯಲ್ಲಿ ತಿಳಿದಿರಬೇಕು. ಟಾರ್ಚನ್ನು ಗಂಡನ ಎದೆಯ ಮೇಲಿಟ್ಟು ಬಾವಿಯ ಕಟ್ಟೆಗೆ ನಡೆದರು.

“ಅತ್ತೆ, ಬೇಡ! ಓಗೊಡಬಾರದು!”

“ಸುಮ್ನಿರೋ.”

ಒಳಗೆ ಅದು ಉಸಿರು ಎಳೆದುಕೊಂಡಿತು. ದೊಡ್ಡ ಕೂಗಿಗೆ ಮೊದಲು ಸಂಜೀವಪ್ಪ ಎದೆ ತುಂಬಿಸಿಕೊಳ್ಳುತ್ತಿದ್ದರಲ್ಲ, ಹಾಗೇ.

“ಸಂಜೀವಪ್ಪನ ಉಸಿರೂ… ಮೂರ್…”

“ನನ್ನ ಕಂಠ!” ಅನುಸೂಯಮ್ಮ ಬಾವಿಗೆ ಬಗ್ಗಿ ಕೂಗಿದರು. “ನಂದು ತಗೋ! ಅವರ ಉಸಿರು ನಂದು!”

ಕೂಗು ಅರ್ಧದಲ್ಲೇ ಕಡಿಯಿತು.

ಆಮೇಲೆ ಸಂಜೀವಪ್ಪನ ಕತ್ತಿನಿಂದ ‘ಹ್ಸ್…’ ಮತ್ತೊಂದು ‘ಹ್ಸ್…’ ಬಟ್ಟೆ ಏರಿತು, ಇಳಿಯಿತು. ಎಲ್ಲೋ ದೂರದಲ್ಲಿ ಒಂದು ಜೀರುಂಡೆ ಶುರು ಮಾಡಿತು.

ಅನುಸೂಯಮ್ಮ ಓಡಿ ಬಂದು ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡರು. ‘ರೀ’ ಎನ್ನಲು ಬಾಯಿ ತೆರೆದರು. ತುಟಿ ಆಡಿತು. ನಾಲಿಗೆ ಆಡಿತು. ಸದ್ದು ಬರಲಿಲ್ಲ.

ಇವತ್ತಿಗೂ ಬಂದಿಲ್ಲ.

ಮುನಿಗಂಗಮ್ಮ ಮುನೇಶ್ವರನಿಗೆ ತಪ್ಪುಕಾಣಿಕೆ ಕಟ್ಟಿಸಿದರು. ಪೂಜೆಯೂ ಆಯಿತು. ನಾನು ದೇವರನ್ನು ನಂಬಿದವನು. ಆ ಸ್ವಾಮಿ ಕೊಟ್ಟು ಕಿತ್ತುಕೊಳ್ಳುವವನಲ್ಲ, ಹಾಗೆಂದೇ ಅವನ ಮೇಲೆ ದೂರಿಲ್ಲ. ಕೊನೆಗೆ ಸಂಜೀವಪ್ಪನೇ ಹೆಂಡತಿಯನ್ನು ತಮಗೆ ಆಪರೇಷನ್ ಆದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾಂತರಾಜು ಜೊತೆಗಿದ್ದ. ಡಾಕ್ಟರ್ ಶಿಲ್ಪ ಎಂಬವರು ಮೂಗಿನಿಂದ ಒಂದು ಸಣ್ಣ ಕೊಳವೆ ಇಳಿಸಿದರು. ತುದಿಯಲ್ಲಿ ಕ್ಯಾಮೆರಾ. ಟೀವಿಯಲ್ಲಿ ಗಂಟಲಿನ ಒಳಗು ಕಾಣುತ್ತಿತ್ತು. ಮಾತು ಹುಟ್ಟುವ ಎರಡು ಬಿಳಿ ಎಳೆಗಳು, ಆರೋಗ್ಯವಾಗಿವೆ, ಗಂಟಿಲ್ಲ, ಹುಣ್ಣಿಲ್ಲ ಎಂದರು.

“ಅಮ್ಮಾ, ‘ಈ’ ಅನ್ನಿ.”

ಎಳೆಗಳು ಸೇರಿದವು. ಸದ್ದಿಲ್ಲ.

“ಆಯ್ತು. ಈಗ ಸುಮ್ಮನೆ ಉಸಿರಾಡ್ತಾ ಇರಿ, ಸಾಕು.”

ಅನುಸೂಯಮ್ಮ ತುಟಿ ಮುಚ್ಚಿ, ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂತರು. ಟೀವಿಯಲ್ಲಿ ಆ ಎರಡು ಎಳೆಗಳು ಸುಮ್ಮನಾಗಲಿಲ್ಲ. ಬೇಗ ಬೇಗ ಸೇರುತ್ತಿದ್ದವು, ಬಿಡುತ್ತಿದ್ದವು… ಮಾತಾಡುವವರ ಹಾಗೆ. ಆಮೇಲೆ ನಿಂತವು… ಎದುರಿನವರ ಮಾತು ಕೇಳಿಸಿಕೊಳ್ಳುವವರ ಹಾಗೆ. ಮತ್ತೆ ಶುರು. ಕಾಂತರಾಜುವಿಗೆ ಬಾವಿಯೊಳಗಿನ ಆ ಹಳೇ ಕಂಠ ನೆನಪಾಯಿತು.

ಡಾಕ್ಟರಮ್ಮ ಟೀವಿ ನೋಡಿದರು. ಅನುಸೂಯಮ್ಮನ ಮುಖ ನೋಡಿದರು. ಕೊಳವೆಯನ್ನು ಮೆಲ್ಲಗೆ ಹೊರಕ್ಕೆ ಎಳೆದುಕೊಂಡು, ಎದ್ದು ಹೋಗಿ ಕೈ ತೊಳೆದುಕೊಂಡರು.

ಇದು ನಡೆದದ್ದು. ಕಾಂತರಾಜು ಕಣ್ಣಾರೆ ಕಂಡದ್ದು. ನಾನೂ ಅವರ ಮನೆಗೆ ಹೋಗಿ, ಆ ತಾಯಿ ಕೊಟ್ಟ ಮಜ್ಜಿಗೆ ಕುಡಿದು ಬಂದಿದ್ದೇನೆ. ಓದಿದವರು ನೀವು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಹರಕೆ ಹೊರುವವರು ಇದ್ದರೆ ಕೂರಿಸಿಕೊಂಡು ಹೇಳಿ. ಹೇಳುವಾಗ ಅನುಸೂಯಮ್ಮನ ಹೆಸರು ಬಿಡಬೇಡಿ. ಅವರು ತಾವಾಗಿ ಹೇಳಿಕೊಳ್ಳಲಾರರು.